ಗಡಿಯಾರ ನೋಡಿ ಕೊಡುವ ಗುಳಿಗೆ

"ಬೆಳಿಗ್ಗೆ ತಾವೇ ಎದ್ದು ಹಿತ್ತಲಿಗೆ ಹೋಗಿ ಹೂ ಬಿಡಿಸಿಕೊಂಡು ಬರ್ತಾರೆ. ಹನ್ನೊಂದು ಗಂಟೆಗೆ ನೋಡಿದ್ರೆ ಕುರ್ಚಿಯಿಂದ ಏಳೋಕೇ ಆಗಲ್ಲ ಅಂತಾರೆ. ಇದು ಕಾಯಿಲೆಯೋ, ಸೊಸೆ ಕೈಲಿ ಸೇವೆ ಮಾಡಿಸಿಕೊಳ್ಳೋ ಹಟವೋ?"

ಪಾರ್ಕಿನ್ಸನ್ ಕಾಯಿಲೆಯವರಿರುವ ಮನೆಗಳಲ್ಲಿ ಈ ಮಾತು ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಒಮ್ಮೆಯಾದರೂ ಹಾದುಹೋಗುತ್ತದೆ. ನೋಡಲು ಬಂದ ನೆಂಟರಂತೂ ಆಡಿಯೇ ಬಿಡುತ್ತಾರೆ. ಸೋದರಿಯರೇ, ಅದು ಹಟವೂ ಅಲ್ಲ, ನಾಟಕವೂ ಅಲ್ಲ. ಬೆಳಿಗ್ಗೆ ಆರಕ್ಕೆ ನುಂಗಿದ ಮಾತ್ರೆಯ ಬಲ ಹನ್ನೊಂದರ ಹೊತ್ತಿಗೆ ಇಳಿದುಹೋಗಿರುತ್ತದೆ, ಅಷ್ಟೇ. ಕಾಯಿಲೆ ಹಳೆಯದಾದಷ್ಟೂ ಒಂದೊಂದು ಮಾತ್ರೆಯ ಬಲ ನಿಲ್ಲುವ ಹೊತ್ತು ಕಡಿಮೆಯಾಗುತ್ತಾ ಬರುತ್ತದೆ.

ನಾನು ಡಾಕ್ಟರಲ್ಲ. ಹೈಸ್ಕೂಲು ಓದಿ ಮನೆ ನಡೆಸುತ್ತಿರುವವಳು. ಆದರೆ ನಮ್ಮ ಅತ್ತೆಯವರ ಮಾತ್ರೆ ಡಬ್ಬಿ ನನ್ನ ಕೈಗೆ ಬಂದು ಏಳು ವರ್ಷವಾಯಿತು. ಡಾಕ್ಟರು ಚೀಟಿ ಬರೆದು ಕೊಡುತ್ತಾರೆ, ಅಂಗಡಿಯವರು ಮಾತ್ರೆ ಎಣಿಸಿ ಕೊಡುತ್ತಾರೆ. ಆ ಮಾತ್ರೆ ಗುಣ ಕೊಡುವುದೋ ಬಿಡುವುದೋ ಎಂಬುದರಲ್ಲಿ ಅರ್ಧ ಪಾಲು ನಮ್ಮ ಅಡುಗೆಮನೆಯ ಗಡಿಯಾರದ ಮೇಲಿದೆ. ಅದಕ್ಕೇ ಈ ಸಲ ಈ ವಿಷಯ.

ಮೊದಲು ಕಾಯಿಲೆ ಏನೆಂದು ತಿಳಿಯೋಣ. ಮಿದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಜಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕೈ ಎತ್ತುವುದು, ಹೆಜ್ಜೆ ಇಡುವುದು, ಮುಗುಳ್ನಗುವುದು ಎಲ್ಲವೂ ಸರಾಗವಾಗಿ ಆಗಬೇಕಾದರೆ ಅದು ಬೇಕು. ಆ ಜೀವಕೋಶಗಳು ಒಂದೊಂದಾಗಿ ಸೊರಗಿದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡೆ ನಿಧಾನವಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ಮುಖದ ಕಳೆ ಕುಂದುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ಬರೆದಿಟ್ಟರು. ಸರಿಯಾದ ಔಷಧಿ ಸಿಗಲು ಮುಂದೆ 150 ವರ್ಷವೇ ಹಿಡಿಯಿತು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ಎಂಬ ವೈದ್ಯರು ಡೋಪಾ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ಬಾಯಿಯ ಮೂಲಕ ಕೊಟ್ಟು, ಮರಗಟ್ಟಿದಂತೆ ಕೂತಿದ್ದವರು ಎದ್ದು ಓಡಾಡುವುದನ್ನು ತೋರಿಸಿಕೊಟ್ಟರು. ಇಂದಿಗೂ ಲೆವೊಡೋಪಾ ಎಂಬ ಆ ಔಷಧಿಯೇ ಮುಖ್ಯ.

ಇದು ಕಾಯಿಲೆಯನ್ನು ಬೇರುಸಹಿತ ಕೀಳುವ ಮದ್ದಲ್ಲ. ಮಿದುಳಿನಲ್ಲಿ ಕಡಿಮೆಯಾದದ್ದನ್ನು ದಿನದಿನವೂ ತುಂಬಿಕೊಡುವ ಮದ್ದು. "ಈಗಲೇ ಶುರು ಮಾಡಿದ್ರೆ ಮುಂದೆ ನಾಟೋದೇ ಇಲ್ಲ, ಆದಷ್ಟು ತಡ ಮಾಡಿ" ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. 2019ರಲ್ಲಿ ನೆದರ್ಲೆಂಡ್ಸಿನ ವೈದ್ಯರು 445 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ವರದಿ ಬಂತು. ಒಂದು ಗುಂಪಿಗೆ ಮೊದಲೇ ಲೆವೊಡೋಪಾ ಕೊಟ್ಟರು, ಇನ್ನೊಂದಕ್ಕೆ 40 ವಾರ ತಡವಾಗಿ ಕೊಟ್ಟರು. 80 ವಾರದ ಕೊನೆಯಲ್ಲಿ ಎರಡು ಗುಂಪಿನವರ ಸ್ಥಿತಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೊದಲೇ ತೆಗೆದುಕೊಂಡವರಿಗೆ ಅದರಿಂದ ಕೇಡಾಗಲಿಲ್ಲ ಎಂದಾಯಿತು. ಹಾಗಿದ್ದಮೇಲೆ ಗುಂಡಿ ಹಾಕಿಕೊಳ್ಳಲೂ ಆಗದೆ ಸಂಕಟಪಡುತ್ತಾ ಕೂರಿಸುವುದರಲ್ಲಿ ಏನು ಲಾಭ? ಯಾವಾಗ ಶುರು ಮಾಡಬೇಕೆಂಬುದು ನರರೋಗದ ವೈದ್ಯರ ತೀರ್ಮಾನ, ಪಕ್ಕದ ಮನೆಯವರದ್ದಲ್ಲ.

ಇನ್ನು ಮಾತ್ರೆಯ ಪಟ್ಟಿಯ ಮೇಲಿನ ಅಂಕಿಗಳನ್ನು ಓದಲು ಕಲಿಯೋಣ. ಲೆವೊಡೋಪಾ ಮಿದುಳು ಸೇರುವ ಮೊದಲೇ ಮೈಯಲ್ಲಿ ಖರ್ಚಾಗಿಬಿಡುತ್ತದೆ. ಹಾಗಾಗದಂತೆ ಕಾಪಾಡಲು ಜೊತೆಗೆ ಕಾರ್ಬಿಡೋಪಾ ಎಂಬ ಬೆಂಗಾವಲನ್ನು ಸೇರಿಸಿರುತ್ತಾರೆ. 110 ಎಂದಿದ್ದರೆ ಲೆವೊಡೋಪಾ 100 ಮಿಲಿಗ್ರಾಂ, ಕಾರ್ಬಿಡೋಪಾ 10. 125 ಎಂದಿದ್ದರೆ 100 ಮತ್ತು 25. 275 ಎಂದಿದ್ದರೆ 250 ಮತ್ತು 25. ನೋಡಿ, 110ಕ್ಕೂ 125ಕ್ಕೂ ಮುಖ್ಯ ಔಷಧಿ ಒಂದೇ ಅಳತೆ. 275ರಲ್ಲಿ ಅದು ಎರಡೂವರೆ ಪಟ್ಟು! "ಅದಿಲ್ಲಮ್ಮಾ, ಇದೂ ಅದೇ ಕಂಪನಿದು" ಎಂದು ಅಂಗಡಿಯಲ್ಲಿ ಬೇರೆ ಅಂಕಿಯದು ಕೊಟ್ಟರೆ ಡಾಕ್ಟರನ್ನು ಕೇಳದೆ ತರಬೇಡಿ. ಹೆಸರಿನ ಜೊತೆ ಸಿ.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ನುಂಗಲು ಕಷ್ಟವೆಂದು ಅದನ್ನು ಪುಡಿ ಮಾಡಿ ಕೊಡುವಂತಿಲ್ಲ.

ಈಗ ನಮ್ಮ ಅಡುಗೆಮನೆಯ ವಿಷಯ. ಈ ಮಾತ್ರೆಗೂ ಹಾಲು, ಮೊಸರು, ಬೇಳೆ, ಕಾಳು, ಮೊಟ್ಟೆ, ಮಾಂಸಕ್ಕೂ ಆಗಿಬರುವುದಿಲ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಮಾತ್ರೆಗೂ ಈ ಪದಾರ್ಥಗಳಲ್ಲಿನ ಪ್ರೋಟೀನಿನ ಅಂಶಕ್ಕೂ ಇರುವುದು ಒಂದೇ ಬಾಗಿಲು. ಜಾತ್ರೆ ದಿನದ ಬಸ್ಸನ್ನು ನೆನೆಸಿಕೊಳ್ಳಿ. ಬಾಗಿಲಲ್ಲಿ ಅಷ್ಟು ಜನ ನೂಕಾಡುವಾಗ ಮುದುಕಿಯೊಬ್ಬಳು ಹತ್ತುವುದುಂಟೇ? ಮಾತ್ರೆಯ ಪಾಡೂ ಅದೇ. ಆದ್ದರಿಂದ ತಿಂಡಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಬರೀ ನೀರಿನಲ್ಲಿ, ಒಂದು ಲೋಟ ತುಂಬ ನೀರಿನಲ್ಲಿ ಕೊಡಿ. "ಬರೀ ಹೊಟ್ಟೇಲಿ ಬೇಡ, ಹಾಲಿನ ಜೊತೆ ತಗೊಳ್ಳಿ" ಎಂದು ಪ್ರೀತಿಯಿಂದ ಕೊಟ್ಟ ಹಾಲು ಈ ಮಾತ್ರೆಗೆ ಅಡ್ಡಗಾಲು. ಶುರುವಿನಲ್ಲಿ ಓಕರಿಕೆ ಬರುವುದುಂಟು. ಆಗ ಎರಡು ಹಿಡಿ ಮಂಡಕ್ಕಿ, ಒಂದು ರಸ್ಕು ಅಥವಾ ಗಂಜಿ ತಿಳಿ ಕೊಟ್ಟರೆ ತಡೆದೀತು.

ಹಾಗೆಂದು ಬೇಳೆ ಹಾಲು ಬಿಡಿಸಿಬಿಡಬೇಡಿ. ಅವರು ಮೊದಲೇ ಸೊರಗಿರುತ್ತಾರೆ, ಮೈಗೆ ಶಕ್ತಿ ಬೇಕು. ಹೊತ್ತು ಬದಲಿಸಿದರೆ ಸಾಕು. ಹಗಲಿನ ಊಟದ ಆಮೇಲೆ ಮಾತ್ರೆ ನಾಟದೇ ಹೋದರೆ, ಡಾಕ್ಟರನ್ನು ಕೇಳಿ ಹಗಲು ಗೊಜ್ಜು, ತಿಳಿಸಾರು, ತರಕಾರಿ ಪಲ್ಯ ಮಾಡಿ, ಬೇಳೆ ಮೊಸರನ್ನು ರಾತ್ರಿಗೆ ಇಡಬಹುದು. ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಮಲಬದ್ಧತೆ ಈ ಕಾಯಿಲೆಯ ಜೊತೆಗೇ ಬರುವುದು. ಹೊಟ್ಟೆ ಕಟ್ಟಿದರೆ ಮಾತ್ರೆಯೂ ತಡವಾಗಿ ನಾಟುತ್ತದೆ. ಸೊಪ್ಪು, ಹಣ್ಣು, ನೀರು ಧಾರಾಳವಾಗಿ ಕೊಡಿ.

ಹೊತ್ತಿನ ಮಾತು ಇನ್ನೂ ಮುಖ್ಯ. ಡಾಕ್ಟರು ಆರು, ಹತ್ತು, ಎರಡು, ಆರು ಗಂಟೆ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಹತ್ತು ಎಂದರೆ ಹತ್ತೇ. "ಒಗ್ಗರಣೆ ಹಾಕಿ ಬರ್ತೀನಿ" ಎಂದು ಹನ್ನೊಂದಾದರೆ ಅವರು ಒಂದು ಗಂಟೆ ಕಲ್ಲಿನ ಹಾಗೆ ಕೂರಬೇಕಾಗುತ್ತದೆ. ಫೋನಿನಲ್ಲಿ ಅಲಾರಂ ಇಡಿ. ಒಂದು ಹೊತ್ತು ತಪ್ಪಿದರೆ ನೆನಪಾದಾಗ ಕೊಡಿ. ಮುಂದಿನದರ ಸಮಯ ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ಮಾತ್ರ ಕೊಡಬೇಡಿ.

ಏಕಾದಶಿ, ಶಿವರಾತ್ರಿ ಅಂತ ಮಾತ್ರೆ ಬಿಡುವವರಿದ್ದಾರೆ. ಮಗಳ ಮನೆಗೆ ಹೋದಾಗ ಮರೆತು ಬರುವವರಿದ್ದಾರೆ. ದುಡ್ಡಿನ ಅಡಚಣೆಯಿಂದ ನಾಲ್ಕು ದಿನ ನಿಲ್ಲಿಸುವವರೂ ಇದ್ದಾರೆ. ಈ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಮೈ ಮರದಂತೆ ಸೆಟೆದು, ಜ್ವರ ಏರಿ, ಎಚ್ಚರ ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು. ಕಡಿಮೆ ಮಾಡುವುದಿದ್ದರೂ ಡಾಕ್ಟರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮನೆಯಲ್ಲಿ ಕಡೇಪಕ್ಷ ಒಂದು ವಾರದ ಮಾತ್ರೆ ಯಾವಾಗಲೂ ಇರಲಿ. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದಾಗಲೂ ಅಲ್ಲಿನ ನರ್ಸಮ್ಮನಿಗೆ ಈ ಸಮಯಗಳನ್ನು ಬರೆದುಕೊಡಿ.

ಇನ್ನೊಂದು ದೊಡ್ಡ ಎಚ್ಚರಿಕೆ. ವಾಂತಿ, ತಲೆಸುತ್ತು, ಗ್ಯಾಸು ಎಂದು ಅಂಗಡಿಯಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ಡೋಪಮೈನಿನ ಕೆಲಸಕ್ಕೇ ಅಡ್ಡ ಬರುತ್ತವೆ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮಾತ್ರೆ ಡಬ್ಬಿಯಲ್ಲಿಡಿ: ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಲೆವೊಸಲ್ಪಿರೈಡ್, ಸಿನ್ನರಿಜಿನ್, ಫ್ಲೂನರಿಜಿನ್, ಹ್ಯಾಲೊಪೆರಿಡಾಲ್. ಗ್ಯಾಸಿನ ಕೆಲವು ಮಾತ್ರೆಗಳಲ್ಲಿ ಲೆವೊಸಲ್ಪಿರೈಡ್ ಸಣ್ಣ ಅಕ್ಷರದಲ್ಲಿ ಸೇರಿಕೊಂಡಿರುತ್ತದೆ. ಕಾಯಿಲೆ ಇಲ್ಲದ ವಯಸ್ಸಾದವರಿಗೂ ಇವನ್ನು ತಿಂಗಳುಗಟ್ಟಲೆ ಕೊಟ್ಟರೆ ಪಾರ್ಕಿನ್ಸನ್ ಥರದ್ದೇ ನಡುಕ, ಬಿಗಿತ ಬರುವುದುಂಟು. ಯಾವ ಹೊಸ ಡಾಕ್ಟರ ಬಳಿ ಹೋದರೂ "ಇವರಿಗೆ ಪಾರ್ಕಿನ್ಸನ್ ಇದೆ" ಎನ್ನುವುದೇ ನಿಮ್ಮ ಮೊದಲ ಮಾತಾಗಲಿ.

ನಾಟಿ ಔಷಧಿಯ ವಿಷಯ ಕೇಳುತ್ತೀರೆಂದು ಗೊತ್ತು. ಕಂಪವಾತಕ್ಕೆ ಆಯುರ್ವೇದದವರು ಕೊಡುವ ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಇದೆ ಎಂಬುದಕ್ಕೇ ಹುಷಾರಾಗಿರಬೇಕು! ಮಾತ್ರೆಯನ್ನೂ ನುಂಗಿಸಿ, ಮೇಲೆ ಚೂರ್ಣವನ್ನೂ ಕೊಟ್ಟರೆ ಔಷಧಿ ಇಮ್ಮಡಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷ. ಕೊಡುವುದಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಮಾತ್ರೆಯಿಂದಾಗುವ ತೊಂದರೆಗಳೂ ಇವೆ. ಮಲಗಿದ್ದವರು ತಟ್ಟನೆ ಎದ್ದರೆ ಬಿ.ಪಿ. ಇಳಿದು ಬೀಳಬಹುದು. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ ಆಮೇಲೆ ಏಳಿಸಿ. ವರ್ಷಗಳು ಕಳೆದಂತೆ ಕೆಲವರಿಗೆ ಕೈಕಾಲು, ಕತ್ತು ತಾನಾಗಿಯೇ ತೊನೆಯುತ್ತವೆ. ಅದು ನಡುಕವಲ್ಲ, ಔಷಧಿ ಹೆಚ್ಚಾದ ಹೊತ್ತಿನ ಗುರುತು. ಮೂತ್ರ, ಬೆವರಿನ ಬಣ್ಣ ಗಾಢವಾದರೆ ಹೆದರಬೇಕಿಲ್ಲ. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆಯಿಂದ ವಯಸ್ಸಾದವರಿಗೆ ಬಾಯಿ ಒಣಗುವುದು, ಮೂತ್ರ ಕಟ್ಟುವುದು, ಮರೆವು, ಗೊಂದಲ ಆಗಬಹುದು. ಸಂಜೆ ಹೊತ್ತಿನಲ್ಲಿ "ಮೂಲೇಲಿ ಯಾರೋ ಮಕ್ಕಳು ಕೂತಿದ್ದಾರೆ" ಎಂದರೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಓಡಬೇಡಿ. ಅದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಆಗುವಂಥದ್ದು. ಡಾಕ್ಟರಿಗೆ ಹೇಳಿ.

ಈಗ ಯಾರೂ ಬಾಯಿಬಿಡದ ಒಂದು ಮಾತು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳಿವೆ. ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಇವುಗಳಿಂದ ಕೆಲವರ ಮನಸ್ಸಿನ ಕಡಿವಾಣ ಸಡಿಲವಾಗುತ್ತದೆ. ಎಂದೂ ಇಸ್ಪೀಟು ಮುಟ್ಟದವರು ಜೂಜಿಗೆ ಕೂರುತ್ತಾರೆ. ಕಾಸಿಗೆ ಕಾಸು ಕೂಡಿಸಿದವರು ಬೇಡದ್ದನ್ನೆಲ್ಲ ಕೊಳ್ಳುತ್ತಾರೆ. ಕೆಲವರು ಈ ವಯಸ್ಸಿನಲ್ಲಿ ಹೆಂಡತಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಪೀಡಿಸುತ್ತಾರೆ. ಆ ತಾಯಿ ಮಕ್ಕಳ ಮುಂದೆ ಹೇಳಲಾರಳು, ಡಾಕ್ಟರ ಮುಂದಂತೂ ಬಾಯೇ ಬಾರದು. ದೇವರಂಥ ಗಂಡ ಕೊನೆಗಾಲದಲ್ಲಿ ಹೀಗಾದರಲ್ಲ ಎಂದು ಒಳಗೊಳಗೇ ಬೇಯುತ್ತಾಳೆ. ಅಮ್ಮಾ, ನಿಮ್ಮ ಯಜಮಾನರು ಕೆಟ್ಟವರಾಗಿಲ್ಲ. ಅದು ಮಾತ್ರೆ ಆಡಿಸುವ ಆಟ. ಅಳತೆ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಎಷ್ಟೋ ಜನರಲ್ಲಿ ಅದು ಹತೋಟಿಗೆ ಬರುತ್ತದೆ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲಿಡಿ. ಇದೇ ಮಾತ್ರೆಗಳಿಂದ ಕೂತಲ್ಲೇ ನಿದ್ದೆ ಹತ್ತುವುದೂ ಉಂಟು. ಅಂಥವರು ಸ್ಕೂಟರ್ ಓಡಿಸಬಾರದು.

ಇದಕ್ಕೆಲ್ಲ ಒಂದು ಎರಡುನೂರು ಪುಟದ ನೋಟುಪುಸ್ತಕ ಸಾಕು. ಮಾತ್ರೆ ಕೊಟ್ಟ ಗಂಟೆ, ಅದು ನಾಟಿದ ಗಂಟೆ, ಬಲ ಇಳಿದ ಗಂಟೆ, ಊಟದ ಹೊತ್ತು, ಬಿದ್ದದ್ದು, ತೊನೆದದ್ದು ಇಷ್ಟನ್ನು ಬರೆಯಿರಿ. ನೀವು ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಿ, ಜಿಲ್ಲಾ ಆಸ್ಪತ್ರೆಗೇ ಹೋಗಿ, ಡಾಕ್ಟರು ರೋಗಿಯನ್ನು ನೋಡುವುದು ಕೆಲವೇ ನಿಮಿಷ. ಮಿಕ್ಕ ಹೊತ್ತನ್ನೆಲ್ಲ ನೋಡುವವರು ನಾವು. ಒಂದು ವಾರದ ಲೆಕ್ಕ ಮುಂದಿಟ್ಟರೆ ಯಾವ ಹೊತ್ತಿನ ಮಾತ್ರೆ ಹಿಂದೆ ಮುಂದೆ ಮಾಡಬೇಕೆಂದು ಅವರಿಗೆ ಥಟ್ಟನೆ ತಿಳಿಯುತ್ತದೆ. ಕೊಡುವುದು, ಬರೆಯುವುದು ನಮ್ಮ ಕೆಲಸ. ಹೆಚ್ಚು ಕಡಿಮೆ ಮಾಡುವುದು ಅವರ ಕೆಲಸ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಕಾಯಿಲೆಯವರ ಮನೆಯಲ್ಲಿ ಎರಡೂ ಬೇಕು. ಮಾವನವರ ಕೈಯಿಂದ ಲೋಟ ಜಾರಿದಾಗ, ಅತ್ತೆಯವರು ಬಚ್ಚಲ ಬಾಗಿಲಲ್ಲಿ ಹೆಜ್ಜೆ ಕಿತ್ತಿಡಲಾರದೆ ನಿಂತಾಗ "ಬೇಗ ಬನ್ನಿ" ಎನ್ನುವ ಮೊದಲು ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ಇಂಥವರಿಗೆ ನುಂಗಲು ಸುಲಭವಾಗುವ ಮೆತ್ತನೆಯ ತಿಂಡಿಗಳನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಮಾಡುವುದಿದ್ದರೆ ನೀವೂ ಬರೆದು ಕಳಿಸಿ.