ಹೊಟ್ಟೆಯ ಬೊಜ್ಜು: ಏಳು ಆಕ್ಷೇಪಗಳಿಗೆ ಏಳು ಉತ್ತರ

ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. ದಕ್ಷಿಣ ಏಷ್ಯಾದವರಿಗೆಂದೇ ವೈದ್ಯರು ಗೊತ್ತುಮಾಡಿದ ಮಿತಿ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 39.5ರಷ್ಟು ಮಂದಿ ಈ ಮಿತಿಯನ್ನು ದಾಟಿಯಾಗಿದೆ. ಇಳಿಸುವ ದಾರಿ ಗೊತ್ತಿರುವುದೇ: ಮೈ ದಂಡಿಸಬೇಕು, ಊಟ ತಿದ್ದಿಕೊಳ್ಳಬೇಕು. ಇಷ್ಟು ಹೇಳಿದರೆ ಸಾಕು, ಮನೆಯವರಿಂದ, ಗೆಳೆಯರಿಂದ ಆಕ್ಷೇಪಗಳು ಸಾಲಾಗಿ ಬರುತ್ತವೆ. ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಮಾತುಗಳನ್ನು ನಂಬಿ ಕೂತವರ ಆರೋಗ್ಯ ಕೆಡುತ್ತಿದೆ. ಆದ್ದರಿಂದ ಒಂದೊಂದಕ್ಕೂ ಉತ್ತರ ಹೇಳಲೇಬೇಕು.

1. ‘ನನ್ನ ತೂಕ ಸರಿಯಾಗೇ ಇದೆ. ಒಂದಿಷ್ಟು ಹೊಟ್ಟೆ ಬಂದರೆ ಏನಾಯ್ತು?’

ತೂಕ ಸರಿಯಿದ್ದ ಮಾತ್ರಕ್ಕೆ ಒಳಗೂ ಎಲ್ಲ ಸರಿಯಿದೆ ಎನ್ನಲಾಗದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ನಮ್ಮಲ್ಲಿ ಸಾಮಾನ್ಯ. ಕರುಳಿನ ಸುತ್ತ ಸೇರಿದ ಈ ಕೊಬ್ಬಿನಿಂದ ಹೊರಡುವ ಕೊಬ್ಬಿನಾಮ್ಲಗಳು ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತವೆ, ಇನ್ಸುಲಿನ್‌ನ ಕೆಲಸ ಕೆಡಿಸುತ್ತವೆ. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ರಕ್ತದೊತ್ತಡ, ಹೃದಯಾಘಾತಗಳಿಗೆ ಹಾದಿ ತೆರೆಯುವುದು ಹೀಗೆ. ಇದು ಅಂದಚಂದದ ಪ್ರಶ್ನೆಯೇ ಅಲ್ಲ.

2. ‘ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆ ಕರಗುತ್ತದೆ. ಬೆಲ್ಟ್ ಕಟ್ಟಿ ಬೆವರಿಳಿಸಿದರೆ ಇನ್ನೂ ಬೇಗ.’

ಮಲಗಿ ಏಳುವ ಕಸರತ್ತಿನಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಅಲ್ಲೇ ಕರಗುವುದಿಲ್ಲ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನ ಸ್ನಾಯು ಬಲಿತಿತ್ತು, ಆದರೆ ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ ಆಗಿತ್ತು. ಯಾವ ಭಾಗದಿಂದ ಕೊಬ್ಬು ತೆಗೆಯಬೇಕೆಂದು ತೀರ್ಮಾನಿಸುವುದು ಇಡೀ ದೇಹ. ಇನ್ನು ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಒಂದು ಚೊಂಬು ನೀರು ಕುಡಿದರೆ ಆ ತೂಕ ವಾಪಸ್ಸು.

3. ‘ಎರಡು ತಿಂಗಳು ವಾಕಿಂಗ್ ಮಾಡಿದೆ, ತೂಕ ಇಳಿಯಲಿಲ್ಲ. ಎಲ್ಲ ದಂಡ.’

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬರೀ ನಡಿಗೆಯಿಂದ ತೂಕ ಹೆಚ್ಚು ಇಳಿಯದು. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಪಾರ್ಕಿನಿಂದ ಬರುವಾಗ ಹೋಟೆಲಿಗೆ ನುಗ್ಗಿ ಎರಡು ಉದ್ದಿನ ವಡೆ ತಿಂದರೆ ಅದಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ. ಆದರೆ ನಿಯಮಿತವಾಗಿ ವ್ಯಾಯಾಮ ಮಾಡಿದವರಲ್ಲಿ ತೂಕ ಅಷ್ಟೇ ಇದ್ದರೂ ಕರುಳಿನ ಸುತ್ತಲ ಕೊಬ್ಬು ತಗ್ಗಿದ್ದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ತೂಕದ ಯಂತ್ರದ ಜೊತೆಗೆ ಅಳತೆಯ ಟೇಪನ್ನೂ ಕೇಳಿ.

4. ‘ಅನ್ನ ಬಿಟ್ಟು ಮುದ್ದೆ ತಿನ್ನಿ, ಸಕ್ಕರೆ ಬದಲು ಬೆಲ್ಲ ಹಾಕಿ, ಬೆಳಿಗ್ಗೆ ಬಿಸಿನೀರಿಗೆ ಜೇನು-ನಿಂಬೆ.’

ರಾಗಿ ಒಳ್ಳೆಯ ಧಾನ್ಯ, ನಾರು ಮತ್ತು ಕ್ಯಾಲ್ಸಿಯಂ ಎರಡೂ ಅದರಲ್ಲಿ ಹೆಚ್ಚು. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ ರಾಗಿಯಲ್ಲಿ ಸುಮಾರು 320. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗಿದರೆ ಲೆಕ್ಕ ಅಲ್ಲಿಗಲ್ಲಿಗೇ ಬರುತ್ತದೆ. ಬೆಲ್ಲವೂ ಜೇನೂ ದೇಹದ ಪಾಲಿಗೆ ಸಕ್ಕರೆಯೇ.

ನಿಜವಾದ ತೊಂದರೆ ಇರುವುದು ಬಡಿಸುವ ಕ್ರಮದಲ್ಲಿ. ನಮ್ಮ ತಟ್ಟೆಯ ತುಂಬ ಅನ್ನ, ಅಂಚಿಗೆ ಒಂದು ಸೌಟು ಪಲ್ಯ. ಇದನ್ನು ತಿರುವಿಹಾಕಬೇಕು. ಅರ್ಧ ತಟ್ಟೆ ಹುರುಳಿಕಾಯಿ ಪಲ್ಯ, ಸೊಪ್ಪು, ಸೌತೆಕಾಯಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ. ಹೆಸರುಬೇಳೆ ಕೋಸಂಬರಿಯನ್ನು ಹಬ್ಬದ ಎಲೆಯ ತುದಿಗೆ ಮಾತ್ರ ಯಾಕೆ ಮೀಸಲಿಡಬೇಕು? ಬಸ್ಸಾರು, ಮೊಳಕೆ ಹುರುಳಿಕಾಳಿನ ಸಾರು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇವೆ. ಪಥ್ಯಕ್ಕೆಂದು ಪರದೇಶದ ತಿನಿಸು ತರಿಸಬೇಕಾಗಿಲ್ಲ.

ಕಣ್ಣಿಗೆ ಬೀಳದೆ ಸೇರುವುದು ಎಣ್ಣೆ ಮತ್ತು ಸಕ್ಕರೆ. ಒಂದು ಟೀ ಚಮಚ ಎಣ್ಣೆಯೆಂದರೆ 45 ಕ್ಯಾಲೊರಿ. ಸಂಜೆಯ ಕೋಡುಬಳೆ, ನಿಪ್ಪಟ್ಟು, ಬಜ್ಜಿಗಳಲ್ಲಿ ಎಷ್ಟು ಚಮಚ ಇಳಿದಿರುತ್ತದೆ ಎಂದು ಎಣಿಸಿ ನೋಡಿ. ದಿನಕ್ಕೆ ಐದು ಸಲ ಕಾಫಿ, ಪ್ರತಿ ಸಲ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ ಆಯಿತು. ಹೊರಗಿನಿಂದ ಬೆರೆಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳಿತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

5. ‘ನಲವತ್ತು ದಾಟಿತು. ಇನ್ನು ಏನು ಮಾಡಿದರೂ ಅಷ್ಟೇ.’

ಇದನ್ನು ವಿಜ್ಞಾನ ಒಪ್ಪುವುದಿಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ದೇಹ ಖರ್ಚುಮಾಡುವ ಶಕ್ತಿ 20ರಿಂದ 60ರ ತನಕ ಹೆಚ್ಚುಕಡಿಮೆ ಒಂದೇ ಎಂದು ಅದು ತೋರಿಸಿತು. ನಲವತ್ತರ ಹೊತ್ತಿಗೆ ಬದಲಾಗುವುದು ನಮ್ಮ ಓಡಾಟ ಮತ್ತು ಸ್ನಾಯುವಿನ ಬಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೊಬ್ಬು ಹೊಟ್ಟೆಯ ಕಡೆ ಸರಿಯುವುದು ನಿಜ. ಆದರೆ ಅವರಿಗೂ ಸ್ನಾಯು ಬೆಳೆಸುವ ವ್ಯಾಯಾಮ ಫಲ ಕೊಡುತ್ತದೆ. ನಡಿಗೆಯ ಜೊತೆ ವಾರಕ್ಕೆ ಎರಡು ದಿನ ನಮ್ಮ ಗರಡಿಮನೆಯ ಬಸ್ಕಿ, ದಂಡ ಹೊಡೆಯಿರಿ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂತು ಏಳುವುದರಿಂದ ಶುರುಮಾಡಬಹುದು.

6. ‘ಮನೆಗೆಲಸವೇ ವ್ಯಾಯಾಮ. ಬೇರೆ ಸಮಯ ಎಲ್ಲಿದೆ?’

ಎಲ್ಲಕ್ಕಿಂತ ತೂಕದ ಆಕ್ಷೇಪ ಇದೇ. ಮೇಲಿನದಕ್ಕಿಂತ ಬೇರೆ ರೀತಿ ಲೆಕ್ಕಹಾಕಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶದಂತೆ ಹೊಟ್ಟೆಯ ಬೊಜ್ಜು ಗಂಡಸರಲ್ಲಿ ಶೇ. 12, ಹೆಂಗಸರಲ್ಲಿ ಶೇ. 40. ದಿನವಿಡೀ ಅಡುಗೆಮನೆಯಲ್ಲಿ ನಿಂತವಳು ದಣಿಯುತ್ತಾಳೆ ನಿಜ, ಆದರೆ ಆ ಕೆಲಸದಲ್ಲಿ ಉಸಿರು ಏರುವಂಥ ಬಿರುಸು ಸಾಮಾನ್ಯವಾಗಿ ಇರುವುದಿಲ್ಲ. ಆಕೆಗೆ ಅರ್ಧ ಗಂಟೆ ಸಿಗದಿದ್ದರೆ ಅದು ಇಡೀ ಮನೆಯ ತಪ್ಪು. ಗಂಡನೂ ಮಕ್ಕಳೂ ಪಾತ್ರೆ ತೊಳೆದು, ತರಕಾರಿ ಹೆಚ್ಚಿಕೊಟ್ಟರೆ ಆ ಹೊತ್ತು ಹುಟ್ಟುತ್ತದೆ. ವಾರಕ್ಕೆ ಬೇಕಾದದ್ದು ಕನಿಷ್ಠ 150 ನಿಮಿಷ. ಒಂದೇ ಸಲ ಆಗದಿದ್ದರೆ ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೂ ಆದೀತು. ಊಟದ ಮೇಲೆ ರಕ್ತದ ಸಕ್ಕರೆ ಏರುವುದನ್ನೂ ಅದು ತಗ್ಗಿಸುತ್ತದೆ. ಇದಕ್ಕೆ ಜಿಮ್ಮಿನ ಶುಲ್ಕ ಬೇಡ.

7. ‘ಆಪರೇಷನ್ ಇದೆ, ಇಂಜೆಕ್ಷನ್ ಬಂದಿದೆ. ಇಷ್ಟು ಕಷ್ಟ ಯಾಕೆ?’

2004ರ ಒಂದು ಅಧ್ಯಯನದಲ್ಲಿ 15 ಸ್ಥೂಲಕಾಯದ ಹೆಂಗಸರ ಚರ್ಮದಡಿಯಿಂದ ತಲಾ ಸುಮಾರು 10 ಕಿಲೊ ಕೊಬ್ಬನ್ನು ಹೀರಿ ತೆಗೆದರು. ಹಲವು ವಾರಗಳ ನಂತರ ನೋಡಿದರೆ ಇನ್ಸುಲಿನ್‌ನ ಕೆಲಸವಾಗಲಿ ರಕ್ತದೊತ್ತಡವಾಗಲಿ ಸುಧಾರಿಸಿರಲಿಲ್ಲ. ಒಳಗಿನ ಕೊಬ್ಬು ಇದ್ದಲ್ಲೇ ಇತ್ತು. ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ನಿಜವಾದ ಔಷಧಿಗಳೇ. ವೈದ್ಯರು ಬೇಕೆಂದವರು ಸಂಕೋಚವಿಲ್ಲದೆ ತೆಗೆದುಕೊಳ್ಳಲಿ. ಆದರೆ ಪ್ರಯೋಗವೊಂದರಲ್ಲಿ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಔಷಧಿ ಪಡೆದವರಿಗೂ ಊಟದ ಶಿಸ್ತು, ವ್ಯಾಯಾಮ ತಪ್ಪಿದ್ದಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿರುವ ಟೇಪು ತೆಗೆದು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆದುಕೊಳ್ಳಿ. ಮನೆಮಂದಿಯನ್ನೆಲ್ಲ ಅಳೆಯಿರಿ. ಮಿತಿ ದಾಟಿದ್ದರೆ ರಕ್ತದ ಸಕ್ಕರೆ, ಒತ್ತಡ ಪರೀಕ್ಷಿಸಿಕೊಂಡು ಇವತ್ತಿನ ಊಟದಿಂದಲೇ ಪಲ್ಯ ಹೆಚ್ಚಿಸಿ, ಅನ್ನ ತಗ್ಗಿಸಿ, ಕೈತೊಳೆದ ಮೇಲೆ ಹತ್ತು ನಿಮಿಷ ನಡೆಯಿರಿ. ಮೂರು ತಿಂಗಳು ಬಿಡದೆ ಮಾಡಿ, ಮತ್ತೆ ಅಳೆದು ನೋಡಿ.