ಹೊಂಡದ ನೀರು ಮುತ್ತಿಗೋ ಕಡಲೆಗೋ?

ನವಲಗುಂದ, ಕುಂದಗೋಳದ ಎರಿ ಹೊಲಗಳಲ್ಲಿ ಕೃಷಿ ಹೊಂಡ ತೋಡಿಸಿದ್ದು ಬೆಳೆ ಉಳಿಸಲೆಂದು. ಮಳೆ ಕೈಕೊಟ್ಟಾಗ ಬಾಡುವ ಪೈರಿಗೆ ಒಂದೆರಡು ಸಲ ನೀರುಣಿಸಲಿ ಎಂದೇ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಅದೇ ಹೊಂಡದಲ್ಲಿ ಕಪ್ಪೆಚಿಪ್ಪು ಸಾಕಿ ಮುತ್ತು ಬೆಳೆಯುವ ಆಸೆ ಹುಟ್ಟಿದರೆ, ಲಾಭದ ಲೆಕ್ಕಕ್ಕೆ ಮೊದಲು ನೀರಿನ ಲೆಕ್ಕ, ಕಸದ ಲೆಕ್ಕ ಹಾಕಬೇಕು.

ಮುತ್ತಿನ ಕೃಷಿಯ ಪರವಾಗಿ ಮಾತಾಡುವವರ ವಾದದಲ್ಲಿ ಹುರುಳಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1987ರಲ್ಲೇ ಇದರ ಪ್ರಯೋಗ ಆರಂಭಿಸಿತು. ಸಿಗಡಿಗೆ ಚೀಲಗಟ್ಟಲೆ ಆಹಾರ ಸುರಿಯಬೇಕು, ಕಪ್ಪೆಚಿಪ್ಪಿಗೆ ಬೇಡ. ಅದು ನೀರನ್ನು ಒಳಗೆಳೆದು, ತೇಲುವ ಪಾಚಿಯ ಕಣಗಳನ್ನು ಸೋಸಿ ತಿಂದು, ಹೊರಗೆ ಬಿಡುತ್ತದೆ. ನೀರು ತಿಳಿಯಾಗುತ್ತದೆ, ಹೊಲಕ್ಕೂ ಆಗುತ್ತದೆ. ಮುತ್ತು ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಸುಟ್ಟು ಸುಣ್ಣ ಮಾಡಬಹುದು, ಕುಟ್ಟಿ ಕೋಳಿಯ ಆಹಾರಕ್ಕೆ ಬೆರೆಸಬಹುದು. ಅದನ್ನೇ ಪುಡಿ ಮಾಡಿ ಮುತ್ತಿನ ಬೀಜ ಕಟ್ಟುವುದೂ ಉಂಟು.

ಆದರೆ ಪಾಚಿ ಸಾಲದಾದಾಗ ಹೊಂಡಕ್ಕೆ ಸಗಣಿ, ಯೂರಿಯಾ, ಸೂಪರ್ ಫಾಸ್ಫೇಟ್ ಬೀಳುತ್ತವೆ. ಕೈ ಮೀರಿ ಹಾಕಿದರೆ ನೀರು ಹಸಿರುಗಟ್ಟಿ, ನಸುಕಿನಲ್ಲಿ ಆಮ್ಲಜನಕ ಕುಸಿದು, ಚಿಪ್ಪುಗಳು ಸತ್ತು ಕೊಳೆಯುತ್ತವೆ. ಮುತ್ತು ಕಟ್ಟಲೆಂದು ಕಪ್ಪೆಚಿಪ್ಪಿನೊಳಗೆ ಬೀಜ ಇಡುವ ಶಸ್ತ್ರಕ್ರಿಯೆಯಾದ ಮೇಲೆ ಸುಮಾರು 10 ದಿನ ಆ್ಯಂಟಿಬಯೋಟಿಕ್ ಕೊಟ್ಟು ಆರೈಕೆ ಮಾಡುತ್ತಾರೆ. ಆ ಔಷಧದ ನೀರನ್ನು ಬೆಣ್ಣಿಹಳ್ಳಕ್ಕೆ ಚೆಲ್ಲಿದರೆ ಅದು ಮಲಪ್ರಭೆಗೇ ಹೋಗುತ್ತದೆ. ಚಿಪ್ಪುಗಳನ್ನು ನೀರಲ್ಲಿ ತೂಗಿಬಿಡುವ ನೈಲಾನ್ ಚೀಲ, ಪಿವಿಸಿ ಪೈಪು, ತೇಲಲು ಕಟ್ಟುವ ಬಾಟಲಿಗಳ ಪ್ಲಾಸ್ಟಿಕ್ ತಕರಾರೂ ಇದೆ. ಅದನ್ನು ತಿದ್ದುವುದು ಕಷ್ಟವಲ್ಲ: ಪೈಪಿನ ಬದಲು ಬಿದಿರಿನ ಗಳ ಸಾಕು, ಚೀಲ ತೊಳೆದು ಮತ್ತೆ ಬಳಸಬಹುದು.

ನನಗೆ ಹೆಚ್ಚು ಕಳವಳ ಚಿಪ್ಪು ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಹೊಳೆ, ಕೆರೆಗಳಿಂದ ಆಯ್ದು ತರುವುದೇ ಸುಲಭದ ದಾರಿ. ಕಪ್ಪೆಚಿಪ್ಪಿನ ಮರಿ ಕೆಲಕಾಲ ಮೀನಿನ ಮೈಗೋ ಕಿವಿರಿಗೋ ಅಂಟಿಕೊಂಡೇ ಬೆಳೆಯಬೇಕು. ಮೀನು ಕಡಿಮೆಯಾದ ಹೊಳೆಯಲ್ಲಿ ಒಮ್ಮೆ ಬರಿದಾದ ಸಂತತಿ ಬೇಗ ತುಂಬಿಕೊಳ್ಳದು. ನಮ್ಮ ಹೊಂಡ ತಿಳಿಯಾಗಲೆಂದು ಹೊಳೆಯ ನೀರು ಸೋಸುವ ಜೀವವನ್ನೇ ಕಿತ್ತು ತಂದರೆ ಪರಿಸರಕ್ಕೆ ಬಂದ ಲಾಭವೇನು? ಉಣಕಲ್ ಕೆರೆಯಂಥ ಊರ ಕೆರೆಗೆ ಇವನ್ನು ಬಿಟ್ಟು ನೀರು ಶುದ್ಧ ಮಾಡೋಣ ಎನ್ನುವುದನ್ನೂ ನಾನು ಒಪ್ಪಲಾರೆ. ಕೊಳಚೆಯ ಭಾರಲೋಹ ಚಿಪ್ಪಿನ ಮೈಯಲ್ಲಿ ಶೇಖರವಾಗುತ್ತದೆ, ಮಾಯವಾಗುವುದಿಲ್ಲ. ಮೊದಲು ಕೊಳಚೆ ನಿಲ್ಲಬೇಕು.

ಮುತ್ತು ಕಟ್ಟಲು 12ರಿಂದ 18 ತಿಂಗಳು ಬೇಕು. ನಡುವೆ ಬೇಸಿಗೆ ಬಂದೇ ಬರುತ್ತದೆ. ಚೀಲ ಮುಳುಗುವಷ್ಟು ನೀರು ಆಗಲೂ ಇರಬೇಕು. ಪೈರು ಬಾಡುವಾಗ ಚಿಪ್ಪಿಗೆಂದು ನೀರು ಕಾಯ್ದಿಡುವುದು, ಇಲ್ಲವೇ ಅದಕ್ಕಾಗಿ ಬೋರ್‌ವೆಲ್ ಓಡಿಸುವುದು, ಎರಡೂ ಹೊಂಡದ ಉದ್ದೇಶಕ್ಕೆ ವಿರುದ್ಧ. ಕಲಘಟಗಿ, ಅಳ್ನಾವರದ ಕಡೆ ವರ್ಷವಿಡೀ ನೀರು ನಿಲ್ಲುವ ಹೊಂಡವಿದ್ದವರು, ಸಾಕಿ ಬೆಳೆಸಿದ ಮರಿ ಸಿಕ್ಕರೆ, ಸಣ್ಣದಾಗಿ ಮಾಡಿ ನೋಡಲಿ. ನವಲಗುಂದದ ಹೊಂಡದ ನೀರು ಕಡಲೆಗೇ ಇರಲಿ.