ಬ್ಯಾಟರಿ ಸತ್ತದಂತ ತಿಳ್ಕೊಂಡೇ ರೇಟ್ ಕಟ್ಟ್ರಿ

(1/3)

ದೋಸ್ತರೇ, ಫೋಟೋದಾಗ ಇರೋ ಕರೀ ಸೈಕಲ್ ನಂದೇ. ದಪ್ಪ ಟೈರು, ಮುಂದ ಸಸ್ಪೆನ್ಷನ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್, ಫ್ರೇಮಿನಾಗ ಬ್ಯಾಟರಿ. ಹೋದ ವರ್ಷ ಈ ಫೋಟೋ ಹಾಕಿದಾಗ ಬಹಳ ಮಂದಿ "ಎಷ್ಟಕ್ಕ ಬಿತ್ತು?" ಅಂತ ಕೇಳಿದ್ರಿ. ನಾ ಹೇಳಲಿಲ್ಲ, ನಾಚಿಕಿ ಆಗಿತ್ತು. ಈಗ ನಮ್ಮ ಕ್ಲಾಸಿನವರೇ ಇಬ್ಬರು ಸೆಕೆಂಡ್‌ಹ್ಯಾಂಡ್ ಇ-ಸೈಕಲ್ ನೋಡ್ಲಾಕ ಹೊಂಟಾರ. ಹಿಂಗಾಗಿ ಹೇಳ್ತೀನಿ.

14 ಸಾವಿರ. ಅಪ್ಪ ತೊಗರಿ ಮಾರಿ ಬಂದ ರೊಕ್ಕದಾಗ ಎಣಿಸಿ ಕೊಟ್ಟಿದ್ದು.

ಮಾರೋರು ಹುಮನಾಬಾದ್‌ದಾಗ ಇದ್ದರು. "ಆರೇ ತಿಂಗಳು ಓಡಿಸೀವಿ" ಅಂದರು. ಗಲ್ಲಿಯೊಳಗ ಎರಡು ರೌಂಡ್ ಹೊಡೆದೆ, ಗಾಳಿಯಂಗ ಹೋಯ್ತು. ಡಿಸ್‌ಪ್ಲೇಯೊಳಗ ಎಲ್ಲಾ ಕಡ್ಡಿ ಫುಲ್. ರೊಕ್ಕ ಕೊಟ್ಟು ಅಲ್ಲಿಂದಲೇ ಬಸವಕಲ್ಯಾಣಕ್ಕೆ ಹೊರಟೆ. ದೂರ ಸುಮಾರು 30 ಕಿ.ಮೀ. ರಾಜೇಶ್ವರ ಬರೋದರೊಳಗ ಒಂದೇ ಕಡ್ಡಿ ಉಳೀತು. ರಾಜೇಶ್ವರ ದಾಟಿದ ಮ್ಯಾಲೆ ಅದೂ ಹೋಯ್ತು. ಮುಂದ ಸಸ್ತಾಪುರ ಬಂಗ್ಲಾತನಕ ಹೈವೇ 65ರ ಅಂಚಿನಾಗ, ಎದುರು ಗಾಳಿಯೊಳಗ, ಆ ಭಾರದ ಸೈಕಲ್ ತುಳ್ಕೋತ ಬಂದೆ. ಬಾಜೂದಾಗ ಲಾರಿ ಹೋದಾಗೆಲ್ಲ ಸೈಕಲ್ ನಡುಗ್ತಿತ್ತು. ಮನಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಛಲೋ ಓಡ್ತದೇನಪಾ?"

"ಹೂಂ" ಅಂದೆ. ಆ ಸುಳ್ಳು ಇವತ್ತಿಗೂ ಚುಚ್ತದ.

(2/3)

ಏನಾಗಿತ್ತು? ಅಗ್ಗದ ಇ-ಸೈಕಲ್‌ನ ಕಡ್ಡಿ ಸಾಮಾನ್ಯವಾಗಿ ತೋರಿಸೋದು ವೋಲ್ಟೇಜ್. ಒಳಗ ಎಷ್ಟು ಕರೆಂಟ್ ತುಂಬ್ತದ ಅನ್ನೋದು ಅದರಿಂದ ಗೊತ್ತಾಗಂಗಿಲ್ಲ. ಹೂಳು ತುಂಬಿದ ಕೆರೆ ನೆನಪು ಮಾಡ್ಕೊಳ್ರಿ. ದಂಡಿ ಮ್ಯಾಲೆ ನಿಂತ್ರ ತುಂಬಿದಂಗೇ ಕಾಣ್ತದ, ಮೋಟರ್ ಹಚ್ಚಿದ್ರ ಎರಡು ದಿನಕ್ಕ ಖಾಲಿ. ಹಳೇ ಬ್ಯಾಟರಿನೂ ಹಂಗೇ. 36 ವೋಲ್ಟಿನ ಬ್ಯಾಟರಿ ಫುಲ್ ಚಾರ್ಜ್ ಆದಾಗ ಸುಮಾರು 42 ವೋಲ್ಟ್ ತೋರಿಸ್ತದ. ಸೆಲ್ ಸವೆದಿದ್ರೂ 42ರ ಹತ್ತಿರಾನೇ ತೋರಿಸಬಹುದು. ಭಾರ ಬಿದ್ದಾಗ ಮಾತ್ರ ಬಣ್ಣ ಬಯಲಾಗ್ತದ.

ಲಿಥಿಯಂ ಬ್ಯಾಟರಿ ಓಡಿಸಿದ್ರಷ್ಟೇ ಸವೀತದ ಅನ್ಕೋಬ್ಯಾಡ್ರಿ. ಸುಮ್ಮ ಇಟ್ರೂ ಸವೀತದ, ಬಿಸಿಲಿಗೆ ಇನ್ನೂ ಜಲ್ದಿ. ನಮ್ಮ ಬೀದರ್ ಜಿಲ್ಲೆಯ ಬ್ಯಾಸಿಗಿ ಗೊತ್ತದಲ್ಲ, ಪತ್ರಾಸಿನ ಕೆಳಗ ಇಟ್ಟಿದ್ರ ಅದರ ಕಥಿ ಏನು? ಪೂರ್ತಿ ಖಾಲಿ ಮಾಡಿ ತಿಂಗಳಗಟ್ಟಲೆ ಮೂಲಿಗೆ ನಿಲ್ಲಿಸಿದ್ರ ಮುಗೀತು. ಹಿಂಗಾಗಿ "ಕಡಿಮಿ ಓಡ್ಯಾದ" ಅನ್ನೋ ಮಾತು ಪೆಟ್ರೋಲ್ ಗಾಡಿಗೆ ಸರಿ, ಇದಕ್ಕಲ್ಲ.

ಹೊಸ ಬ್ಯಾಟರಿಗೆ ಕೇಳಿದೆ. ನನಗ ಹೇಳಿದ ರೇಟ್ 12 ಸಾವಿರ. 14 ಕೂಡಿಸ್ರಿ, 26. ಇನ್ನೊಂದಿಷ್ಟು ಹಾಕಿದ್ರ ವಾರಂಟಿ ಇರೋ ಹೊಸಾದೇ ಬರ್ತಿತ್ತು.

ಹಂಗಂತ ಸೆಕೆಂಡ್‌ಹ್ಯಾಂಡ್ ಬ್ಯಾಡ ಅಂತ ನಾ ಅನ್ನಂಗಿಲ್ಲ. ನಮ್ಮಂಥವರಿಗೆ ಅದೇ ದಾರಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅಂದ್ರ 360 ವ್ಯಾಟ್-ಅವರ್, ಒಮ್ಮೆ ತುಂಬಲಾಕ ಅರ್ಧ ಯೂನಿಟ್ ಕರೆಂಟೂ ಹಿಡಿಯಂಗಿಲ್ಲ. ಟ್ಯೂಷನ್‌ಗೆ, ಹೊಲಕ್ಕ, ಬಸ್ ಇಲ್ಲದ ಹೊತ್ತಿಗೆ ಇದಕ್ಕಿಂತ ಛಲೋದು ಇಲ್ಲ. ನನ್ನ ಮಾತು ಒಂದೇ: ಬ್ಯಾಟರಿ ಸತ್ತದ ಅಂತ ತಿಳ್ಕೊಂಡು ರೇಟ್ ಕಟ್ಟ್ರಿ. ಬರೀ ಗೇರ್ ಸೈಕಲ್ ಅಂತ ನೋಡಿದ್ರ ಅದಕ್ಕ ಎಷ್ಟು ಕೊಡ್ತಿದ್ರಿ? ಅಲ್ಲಿಂದ ಶುರು ಮಾಡ್ರಿ. ಬ್ಯಾಟರಿ ಛಲೋ ಅದ ಅಂತ ತೋರಿಸೋ ಜವಾಬ್ದಾರಿ ಮಾರೋರದು. ತೋರಿಸಿದ್ರ ಅಷ್ಟು ಏರಿಸ್ರಿ.

(3/3)

"ಇಷ್ಟು ಚೌಕಾಸಿ ಮಾಡಿದ್ರ ಯಾರು ಕೊಡ್ತಾರ?" ಅಂತೀರಿ. ಬ್ಯಾಟರಿ ಖರೇನೇ ಛಲೋ ಇದ್ದವ ಓಡಿಸಲಾಕ ಬಿಡ್ತಾನ. ಎರಡು ರೌಂಡಿಗೆ "ಸಾಕು" ಅಂದ್ರ ಉತ್ತರ ಸಿಕ್ಕಂಗೇ.

ಹೋಗೋ ಮುಂದ ಇಷ್ಟು ಮಾಡ್ರಿ:

▪️ ಫುಲ್ ಚಾರ್ಜ್ ಮಾಡಿಸಿ, ನಿಮ್ಮ ದಿನದ ದೂರ ಎಷ್ಟೋ ಅಷ್ಟು ಓಡಿಸಿ ನೋಡ್ರಿ. ಬೇಕಾದ್ರ ಮಾರೋರನ್ನ ಬೈಕ್ ಮ್ಯಾಲೆ ಬಾಜೂಕ ಕರ್ಕೊಳ್ರಿ. ಏರಿನಾಗ ಕಡ್ಡಿ ಧಡ್ ಅಂತ ಬಿದ್ದು, ನಿಂತ ಕೂಡ್ಲೇ ಮತ್ತ ಏರಿದ್ರ ಸೆಲ್ ಸವೆದಾವ.

▪️ ಬ್ಯಾಟರಿ ಉಬ್ಬಿದ್ರ, ಟೇಪ್ ಸುತ್ತಿದ್ರ, ವಾಸನಿ ಬಂದ್ರ ಮುಟ್ಟಬ್ಯಾಡ್ರಿ. ಬೆಂಕಿಯ ಮಾತು ಅದು. ಅದರದೇ ಚಾರ್ಜರ್, ಬ್ಯಾಟರಿ ಕೀಲಿ ಎರಡೂ ಕೇಳ್ರಿ.

▪️ ಬಿಲ್ ನೋಡ್ರಿ. ಸಾಮಾನ್ಯವಾಗಿ ಪೆಡಲ್ ಕೂಡೋ ಜಾಗದ ಕೆಳಗ ಫ್ರೇಮ್ ನಂಬರ್ ಕೊರೆದಿರ್ತದ. ಎರಡೂ ಹೊಂದಬೇಕು. ಪುಣೆ, ಹೈದರಾಬಾದ್ ಎರಡೂ ಇದೇ ರಸ್ತಾದ ಮ್ಯಾಲೆ ಅವ. ಸೈಕಲ್ ಎಲ್ಲಿಂದ ಬಂತು ಅಂತ ಕೇಳೋದು ತಪ್ಪಲ್ಲ.

▪️ "ಲಾಕ್ ತೆಗ್ಸೀವಿ, 40 ಹೋಗ್ತದ" ಅಂದ್ರ ಖುಷಿ ಪಡಬ್ಯಾಡ್ರಿ. 250 ವ್ಯಾಟ್‌ಗಿಂತ ಕಡಿಮಿ ಮೋಟರ್, 25 ಕಿ.ಮೀ. ಮಿತಿ ಇದ್ದಾಗ ಮಾತ್ರ ಲೈಸೆನ್ಸ್, ನೋಂದಣಿ ಬೇಕಿಲ್ಲ. ಅದು ದಾಟಿದ್ರ ಕಾನೂನಿನ ಕಣ್ಣಾಗ ಮೋಟರ್ ಗಾಡಿ. 18 ಆಗದವರು ಇದನ್ನ ಎರಡು ಸಲ ಓದ್ರಿ.

▪️ ಹಿಂದಿನ ಗಾಲಿಯೊಳಗ ಮೋಟರ್ ಇದ್ರ, ಪಂಕ್ಚರ್ ಆದಾಗ ಯಾರು ಬಿಚ್ಚತಾರ ಅಂತ ಮೊದಲೇ ಕೇಳಿಟ್ಕೊಳ್ರಿ. ನಮ್ಮ ಓಣಿ ಪಂಕ್ಚರ್ ಅಣ್ಣ "ವೈರ್ ಅದ ತಮ್ಮಾ, ನಾ ಮುಟ್ಟಂಗಿಲ್ಲ" ಅಂದುಬಿಟ್ಟ.

ಕೊನಿ ಫೋಟೋ ನೋಡ್ರಿ. ನನ್ನ ಸೈಕಲ್ ಬಾಜೂದಾಗ ಇರೋದು ಅಕ್ಕಂದು. 8ನೇ ಕ್ಲಾಸಿನಾಗ ಸರ್ಕಾರದಿಂದ ಬಂದದ್ದು. 2006-07ರಾಗ ಶುರುವಾದ ಯೋಜನೆ ಅದು. ಅಕ್ಕನ ಸೈಕಲ್ ಇವತ್ತಿಗೂ ಓಡ್ತದ. ನಂದೂ ಓಡ್ತದ, ಆದ್ರ ತುಳಿದ್ರಷ್ಟೇ.

ಹೋದ ವಾರ ಅಪ್ಪಗ ಖರೇ ಹೇಳಿದೆ. ಬೈತಾರ ಅನ್ಕೊಂಡಿದ್ದೆ. "ನಿನ್ನ ದೋಸ್ತರಿಗರೆ ಹೇಳು" ಅಂದರು.

ಹೇಳೀನಿ ನೋಡ್ರಿ. ಈಗ ನೀವು ನೋಡಿಟ್ಟ ಸೈಕಲ್‌ನ ಬ್ಯಾಟರಿ ಸ್ಟಿಕ್ಕರ್ ಫೋಟೋ ಕಳಿಸ್ರಿ. ಕೂಡಿ ನೋಡೋಣ, ಆಮ್ಯಾಲೆ ರೊಕ್ಕ ಕೊಡ್ರಿ. 🚲

#ಬಸವಕಲ್ಯಾಣ #ಹುಮನಾಬಾದ್ #ಇಸೈಕಲ್ #ಸೆಕೆಂಡ್‌ಹ್ಯಾಂಡ್